ಕ್ಯಾಸೆಟ್ಟಿನ ಮೇಲಿನ ಹೆಬ್ಬೆಟ್ಟು

ಫೆಬ್ರವರಿ 9

ಅಕ್ಕನಿಗೆ,

ನೀನು ಹೇಗಿದ್ದೀಯ ಎಂದು ಕೇಳುವುದಿಲ್ಲ. ನಾನು ಹೇಗಿದ್ದೇನೆ ಎಂಬುದು ನಿನಗೂ ಬೇಕಿಲ್ಲ. ಅಮ್ಮ ಹೋದಮೇಲೆ ನಾವಿಬ್ಬರೂ ಮಾತು ಬಿಟ್ಟು ಎರಡು ವರ್ಷವಾಗುತ್ತಾ ಬಂತು, ಅದು ಹಾಗೇ ಮುಂದುವರಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಫೋನ್ ಮಾಡದೆ ಕಾಗದ ಬರೆಯುವುದಕ್ಕೆ ಕಾರಣ ಒಂದೇ. ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದದಲ್ಲಿ ನಿನಗೆ ಆ ಅನುಕೂಲವಿಲ್ಲ.

ಚಿಕ್ಕಮ್ಮ ಊರಿಗೆಲ್ಲ ಡಂಗುರ ಹೊಡೆದಿದ್ದಾಳೆ, "ನಮ್ಮ ಹುಡುಗಿ ಒಬ್ಬಳೇ ಕೂತು ವಿಡಿಯೋ ಗೇಮ್ ಮಾಡಿದಾಳೆ, ಅದರ ಚಿಕ್ಕ ಮಾದರಿ ಈಗಲೇ ಪುಕ್ಕಟೆ ಆಡಬಹುದಂತೆ" ಎಂದು. ನನ್ನ ಹೆಂಡತಿ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡಳು. ನಾನು ಈಜುಕೊಳದಲ್ಲಿ ಬೆಳಗಿನಿಂದ ಮಕ್ಕಳ ಹಿಂದೆ ಸೀಟಿ ಊದಿ ಊದಿ ಆಗಷ್ಟೇ ಮನೆಗೆ ಬಂದಿದ್ದೆ, ಒದ್ದೆ ಟವೆಲ್ ಹೆಗಲ ಮೇಲೇ ಇತ್ತು. "ಬನ್ನಿ ಇಲ್ಲಿ, ಇದು ನೀವೇ ಅಲ್ವಾ?" ಎಂದಳು.

ಹೌದು, ನಾನೇ. ಒಬ್ಬ ಹುಡುಗಿ ದೀಪ ಹಿಡಿದು ಗೋಪುರ ಹತ್ತುತ್ತಾಳೆ. ಕೆಳಗೆ ಒಬ್ಬ ಚಿಕ್ಕ ಹುಡುಗ ಒಂದು ಕಲ್ಲನ್ನು ಹೆಬ್ಬೆಟ್ಟಿನಿಂದ ಒತ್ತಿ ಹಿಡಿದಿರುತ್ತಾನೆ. ಅವನು ಒತ್ತಿರುವವರೆಗೆ ಮೇಲೆ ದೀಪ ಉರಿಯುತ್ತದೆ. ಮೊರದಗಲ ಕಿವಿ, ಮೊಣಕಾಲಿನ ತನಕ ಜಾರಿದ ಪಟ್ಟೆ ಚಡ್ಡಿ. ಕೊನೆಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ಅವನು ಆಕಳಿಸುತ್ತಾನೆ, ಎಲ್ಲೋ ನೋಡುತ್ತಾನೆ, ಬೆರಳು ತೆಗೆಯುತ್ತಾನೆ. ಪರದೆಯೆಲ್ಲ ಪಟ್ಟೆ ಪಟ್ಟೆಯಾಗಿ ಹುಡುಗಿ ಕತ್ತಲೊಳಗೆ ಬೀಳುತ್ತಾಳೆ. "ಅವನು ಬಿಟ್ಟ" ಎಂದು ಅಕ್ಷರ ಮೂಡುತ್ತದೆ. ಅಲ್ಲಿಗೆ ಆಟ ಮುಗಿಯಿತು.

ಹೆಂಡತಿಗೆ ಹಿಂದಿನದೆಲ್ಲ ಗೊತ್ತಿರಲಿಲ್ಲ, ಹೇಳಬೇಕಾಯಿತು. ನಮ್ಮ ಮನೆಯ ವಿಡಿಯೋ ಗೇಮ್ ಪೆಟ್ಟಿಗೆಯಲ್ಲಿ ಕ್ಯಾಸೆಟ್ ಸಡಿಲವಾಗಿ ಕೂರುತ್ತಿತ್ತು, ಯಾರಾದರೂ ಮೇಲಿನಿಂದ ಹೆಬ್ಬೆಟ್ಟಿನಲ್ಲಿ ಒತ್ತಿ ಹಿಡಿದರೆ ಮಾತ್ರ ಆಟ ನಡೆಯುತ್ತಿತ್ತು ಎಂದು. ಆಡುವವಳು ಯಾವಾಗಲೂ ಅಕ್ಕ, ಒತ್ತುವವನು ಯಾವಾಗಲೂ ನಾನು ಎಂದು. ಆಡುವ ರಿಮೋಟ್ ನನ್ನ ಕೈಗೆ ಒಂದು ದಿನವೂ ಬರಲಿಲ್ಲ ಎಂದು. ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಆ ಹುಡುಗನನ್ನು ಆಟದಿಂದ ತೆಗೆ. ವಿಷಯ ಇಷ್ಟೇ.

ತಮ್ಮ


ಫೆಬ್ರವರಿ 20

ತಮ್ಮನಿಗೆ,

ಕಾಗದ ಸೇರಿತು. ನಿನ್ನ ಅಕ್ಷರ ಈಗಲೂ ಕೋಳಿ ಕೆದರಿದ ಹಾಗೇ ಇದೆ.

ತೆಗೆಯುವುದಿಲ್ಲ.

ಹಗಲೆಲ್ಲ ಔಷಧಿ ಡಬ್ಬಿಗಳ ಲೇಬಲ್ಲಿಗೆ ಚಿತ್ರ ಬರೆದುಕೊಟ್ಟು, ಉಳಿದ ಹೊತ್ತಿನಲ್ಲಿ ವರ್ಷಗಟ್ಟಲೆ ಕೂತು ಈ ಆಟ ಕಟ್ಟಿದ್ದೇನೆ. ಚಿತ್ರ ನನ್ನದು, ಸದ್ದು ನನ್ನದು, ಕೋಡ್ ನನ್ನದು. ಕೈಹಿಡಿಯಲು ಒಂದು ಕಂಪನಿ ಇಲ್ಲ, ಜೊತೆಗೊಬ್ಬರಿಲ್ಲ. ಇರುವುದು ಬಾಡಿಗೆಯ ಒಂದು ಕೋಣೆ, ಕುಂಟುವ ಮೇಜಿನ ಕಾಲಿಗೆ ರಟ್ಟು ಮಡಚಿ ಕೊಟ್ಟಿದ್ದೇನೆ. ಕೆಳಗಿನ ಅಂಗಡಿಯಲ್ಲಿ ಬೀಗ ರಿಪೇರಿಯವನು ದಿನವಿಡೀ ಅರ ಉಜ್ಜುತ್ತಾನೆ. ಆಟದಲ್ಲಿ ಬಾಗಿಲು ತೆರೆಯುವ ಸದ್ದು ಅದೇ. ಇಷ್ಟೆಲ್ಲ ಆದಮೇಲೆ, ಒಬ್ಬ ಹುಡುಗನ ಕಿವಿ ನಿನಗೆ ಹಿಡಿಸಲಿಲ್ಲ ಎಂದು ನಾನು ಆಟ ಬದಲಿಸಬೇಕೋ?

ಕಿವಿ ನಿನ್ನದೇ, ಒಪ್ಪಿದೆ. ಬೆರಳು ಬಿಟ್ಟವನೂ ನೀನೇ. ಆ ಆಟದಲ್ಲಿ ನಿಲ್ಲಿಸಿದ ಜಾಗದಿಂದ ಮುಂದುವರಿಸುವ ಸೌಕರ್ಯ ಇರಲಿಲ್ಲ, ಪ್ರತಿ ಸಲವೂ ಕೆಳಗಿನಿಂದಲೇ ಹತ್ತಬೇಕು. ಇಡೀ ಬೇಸಿಗೆ ರಜೆ ಹತ್ತಿದೆ. ಕೊನೆಗೊಂದು ದಿನ ಮೇಲಿನ ಕೋಣೆ ಸಿಕ್ಕಿತು, ಬಾಗಿಲು ತೆರೆಯಿತು, ಒಳಗಿನಿಂದ ಬೆಳಕು ಬಂತು. ಇನ್ನೇನು ಕಾಲಿಡಬೇಕು, ಅಷ್ಟರಲ್ಲಿ ನೀನು ಬಿಟ್ಟೆ. ನಾನು ಕಿರುಚಿದ್ದಕ್ಕೆ ಅಪ್ಪ ಬಂದು ಪೆಟ್ಟಿಗೆಯನ್ನೇ ಅಟ್ಟಕ್ಕೆ ಹಾಕಿದರು. ಆ ಬಾಗಿಲಿನ ಆಚೆ ಏನಿತ್ತು ಎಂದು ನಾನು ನೋಡಲೇ ಇಲ್ಲ. ಆಟ ಕಟ್ಟುವ ಹುಚ್ಚು ನನಗೆ ಹತ್ತಿದ್ದೇ ಆ ಬಾಗಿಲಿನಿಂದ. ನನ್ನ ಆಟದ ಕೊನೆ ಏನಿರಬೇಕೆಂದು ಹೇಳಲು ನೀನು ಯಾರು?

ಈಗ ನನಗೆ ಆ ಪೆಟ್ಟಿಗೆ ಬೇಕು. ಅಮ್ಮನ ಮನೆ ಖಾಲಿ ಮಾಡುವಾಗ ನೀನು ಒಯ್ದಿದ್ದೀಯ. ಹೊದಿಕೆಯ ಮೇಲೆ ಕಾರ್ ರೇಸಿನ ಚಿತ್ರ, ಒಳಗೆ ಗೋಪುರದ ಆಟ, ಆ ಕ್ಯಾಸೆಟ್ಟೂ ಅದರ ಜೊತೆಗೇ ಇರುತ್ತದೆ. ಬಾಗಿಲಿನಿಂದ ಬರುವ ಬೆಳಕಿನ ಬಣ್ಣ ನೆನಪಿನಿಂದ ಬರೆದರೆ ಸರಿಹೋಗುತ್ತಿಲ್ಲ. ಮೇ ಕೊನೆಗೆ ಆಟ ಬಿಡುಗಡೆ ಎಂದು ಎಲ್ಲರಿಗೂ ಹೇಳಿಯಾಗಿದೆ. ಬೇಗ ಕಳಿಸು.

ಅಕ್ಕ


ಮಾರ್ಚ್ 6

ಅಕ್ಕನಿಗೆ,

ಪೆಟ್ಟಿಗೆ ನನ್ನ ಹತ್ತಿರವೇ ಇದೆ. ಕಪಾಟಿನ ಮೇಲೆ, ಈಜುಕೊಳದಿಂದ ತಂದ ಹರಿದ ತೇಲುಹಲಗೆಗಳ ಕೆಳಗೆ. ಅಲ್ಲೇ ಇರುತ್ತದೆ.

"ಬೆರಳು ಬಿಟ್ಟವನೂ ನೀನೇ." ಎಷ್ಟು ಸಲೀಸಾಗಿ ಬರೆದುಬಿಟ್ಟೆ. ಆ ರಜೆಯಿಂದ ಇವತ್ತಿನವರೆಗೆ ಮನೆಯಲ್ಲಿ ನನ್ನ ಕೈಗೆ ಒಂದು ಗಾಜಿನ ಲೋಟ ಕೊಡುವಾಗಲೂ "ಅವನಿಗೆ ಬೇಡ, ಬಿಟ್ಟುಬಿಡ್ತಾನೆ" ಎನ್ನುವುದು, ಎಲ್ಲರೂ ನಗುವುದು. ಅಪ್ಪ ಇರುವವರೆಗೂ ನಕ್ಕರು. ನನ್ನ ಮದುವೆಯ ಮಾತುಕತೆಯಲ್ಲಿ ಚಿಕ್ಕಮ್ಮ ಬೀಗರ ಎದುರಿಗೆ "ಹುಡುಗ ಅಪ್ಪಟ ಚಿನ್ನ, ಕೈಯಲ್ಲಿ ಮಾತ್ರ ಏನೂ ನಿಲ್ಲಲ್ಲ" ಎಂದಳು. ನಾನೂ ತಲೆ ತಗ್ಗಿಸಿ ನಕ್ಕೆ. ಹಾಗೆ ನಗುವುದು ನನಗೆ ಅಭ್ಯಾಸವಾಗಿತ್ತು.

ಆಮೇಲೆ ಆಸ್ಪತ್ರೆ. ಅಮ್ಮನ ಕೈ ಹಿಡಿದು ಪಕ್ಕದಲ್ಲಿ ಕೂತಿದ್ದವನು ನಾನು. ನರ್ಸ್ ಬಂದು "ಈ ಇಂಜೆಕ್ಷನ್ ನಮ್ಮಲ್ಲಿ ಮುಗಿದಿದೆ, ಕೆಳಗೆ ಅಂಗಡೀಲಿ ತಗೊಂಡು ಬನ್ನಿ, ಬೇಗ" ಎಂದಳು. ಅಮ್ಮನ ಕೈಯನ್ನು ಹೊದಿಕೆಯ ಮೇಲೆ ಇಟ್ಟು ಓಡಿದೆ. ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಇಂಜೆಕ್ಷನ್ ಡಬ್ಬಿ ನನ್ನ ಮುಷ್ಟಿಯಲ್ಲೇ ತಣ್ಣಗೆ ಕೂತಿತ್ತು. ನೀನು ಬಂದದ್ದು ಮಧ್ಯಾಹ್ನ. ಬಂದವಳು ಅಮ್ಮನ ಮುಖ ನೋಡುವುದಕ್ಕೂ ಮೊದಲು, ಕಾರಿಡಾರಿನಲ್ಲಿ ಅಷ್ಟೂ ನೆಂಟರ ಎದುರಿಗೆ, "ಇವನು ಯಾವತ್ತೂ ಅಷ್ಟೇ, ಕೊನೇ ಗಳಿಗೇಲಿ ಬಿಟ್ಟುಬಿಡ್ತಾನೆ" ಎಂದೆ. ಅವತ್ತು ಯಾರೂ ನಗಲಿಲ್ಲ. ಅದಕ್ಕಿಂತ ನಕ್ಕಿದ್ದರೇ ವಾಸಿಯಿತ್ತು.

ಈಗ ಅದನ್ನೇ ಗುರುತು ಪರಿಚಯವಿಲ್ಲದವರೆಲ್ಲ ಆಡಬೇಕು, ಕೊನೆ ಮುಟ್ಟಿದಾಗಲೆಲ್ಲ "ಅವನು ಬಿಟ್ಟ" ಎಂದು ಓದಬೇಕು. ನಿನಗೆ ಅದು ಆಟದ ಕೊನೆ. ನನಗೆ ಅದು ಅಮ್ಮನ ಹಾಸಿಗೆ.

ಒಂದು ಮಾತು ಕೇಳು, ಬಾಯಿ ಹಾಕಬೇಡ. ಒತ್ತುವ ಕೆಲಸದ ಬಗ್ಗೆ ನಿನಗಿಂತ ನನಗೆ ಹೆಚ್ಚು ಗೊತ್ತು. ಬೆರಳು ಒಂಚೂರು ಸಡಿಲವಾದರೂ ಪರದೆ ಪಟ್ಟೆ ಪಟ್ಟೆಯಾಗುತ್ತಿತ್ತು, ಸದ್ದು ಗರಗರ ಎನ್ನುತ್ತಿತ್ತು. ಆ ದಿನ ಪಟ್ಟೆ ಬರಲಿಲ್ಲ. ಚಿತ್ರ ಇದ್ದ ಹಾಗೇ ನಿಂತಿತು, ಸಂಗೀತ ಒಂದೇ ಸ್ವರ ಹಿಡಿದು ಕೂಗುತ್ತಿತ್ತು. ನನ್ನ ಬೆರಳು ಕ್ಯಾಸೆಟ್ಟಿನ ಮೇಲೇ ಇತ್ತು, ಉಗುರು ಬೆಳ್ಳಗಾಗಿತ್ತು. ಅದನ್ನು ಹೇಳೋಣವೆಂದರೆ ನೀನು ನನ್ನ ಕಿವಿ ಹಿಂಡಿದೆ. ಕಿವಿ ಮೊರದಗಲ ಆದದ್ದು ಯಾರಿಂದ ಎಂದು ಈಗಲಾದರೂ ಯೋಚಿಸು.

ತೆಗೆಯದಿದ್ದರೆ ನಿನ್ನ ಆಟದ ಪುಟದಲ್ಲಿ ಎಲ್ಲರೂ ಓದುವ ಹಾಗೆ ಇದಿಷ್ಟನ್ನೂ ಬರೆಯುತ್ತೇನೆ. ಅಲ್ಲಿ ಕೋಳಿ ಕೆದರಿದ ಅಕ್ಷರ ಕಾಣುವುದಿಲ್ಲ.

ತಮ್ಮ


ಏಪ್ರಿಲ್ 11

ತಮ್ಮನಿಗೆ,

ಬರೆಯುವುದಿದ್ದರೆ ಬರೆ. ನಿನ್ನ ಬೆದರಿಕೆಗೆ ಹೆದರುವವಳಾಗಿದ್ದರೆ ನಿನ್ನ ಅಕ್ಕ ಯಾಕಾಗುತ್ತಿದ್ದೆ?

ಪೆಟ್ಟಿಗೆ ಕೊಡದಿದ್ದರೆ ನಾನು ಕೈಕಟ್ಟಿ ಕೂರುತ್ತೇನೆ ಅಂದುಕೊಂಡೆಯಾ? ಹಳೆಯ ಆಟದ ಸಾಮಾನು ಮಾರುವವನೊಬ್ಬನಿಂದ ಅಂಥದ್ದೇ ಪೆಟ್ಟಿಗೆ, ಅದೇ ಗೋಪುರದ ಆಟ ತರಿಸಿಕೊಂಡೆ, ಜೊತೆಗೊಂದು ಹಳೆಯ ಟಿವಿ. ಈ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಕಾರಲ್ಲ, ಗೋಪುರವೇ ಇದೆ. ಯಾರೂ ಒತ್ತಬೇಕಾಗಿಲ್ಲ, ಗಟ್ಟಿಯಾಗಿ ಕೂರುತ್ತದೆ.

ಆಡಿದೆ. ಆಗ ಅಷ್ಟೆತ್ತರ ಕಂಡ ಗೋಪುರ ಈಗ ನೋಡಿದರೆ ಒಂದಿಷ್ಟು ಚೌಕದ ಕಲ್ಲು. ಬಾವಲಿ ಬಂದರೆ ನೀನು ಕಣ್ಣು ಮುಚ್ಚುತ್ತಿದ್ದೆಯಲ್ಲ, ಅದು ಎರಡು ಕಪ್ಪು ತ್ರಿಕೋನ, ಅಷ್ಟೇ. ಎಲ್ಲಿ ಹಾರಬೇಕು, ಎಲ್ಲಿ ಬಗ್ಗಬೇಕು ಎಂದು ನನ್ನ ಕೈಗೆ ಎಲ್ಲವೂ ನೆನಪಿತ್ತು. ನಡುವೆ ಒಂದೆರಡು ಸಲ ಪಕ್ಕಕ್ಕೆ ತಿರುಗಿ ನೋಡಿದೆ. ಏನೋ ಕಡಿಮೆಯಾಗಿತ್ತು. ಆಮೇಲೆ ಹೊಳೆಯಿತು, ಶೀತದ ಮೂಗಿನವನೊಬ್ಬ ಬಾಯಲ್ಲಿ ಉಸಿರಾಡುವ ಸದ್ದು ಇರಲಿಲ್ಲ. ಇದನ್ನು ಪ್ರೀತಿ ಎಂದು ತಿಳಿಯಬೇಡ, ಆ ಸದ್ದು ನನಗೆ ಆಗಲೂ ಆಗುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಕೊನೆಯ ಬಾಗಿಲು ತೆರೆಯಿತು. ಆಟ ನಿಲ್ಲಲಿಲ್ಲ. ಗೋಪುರ ಹತ್ತಿದ ಹುಡುಗಿ ಒಳಗೆ ಹೋದಳು, ಮೇಲೊಂದು ಮಾಳಿಗೆ, ನೀಲಿ ಆಕಾಶ, ಸಂಗೀತ, ಮುಗಿಯಿತು. ಚಿತ್ರ ತಾನಾಗಿ ನಿಂತಿತು, ಪಟ್ಟೆ ಬರಲಿಲ್ಲ ಎಂದೆಲ್ಲ ಕಥೆ ಕಟ್ಟಿದೆಯಲ್ಲ. ಆಟದಲ್ಲಿ ದೋಷವಿಲ್ಲ ಎಂದಮೇಲೆ ದೋಷ ಎಲ್ಲಿತ್ತು? ನಿನ್ನ ಬೆರಳಲ್ಲಿ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆ ಹುಡುಗ ಇರುತ್ತಾನೆ. ಆಕಳಿಕೆಯೂ ಇರುತ್ತದೆ. ಎಲ್ಲರಿಗೂ ಚೆನ್ನಾಗಿ ಕಾಣಲಿ ಎಂದು ಅದನ್ನು ಇನ್ನಷ್ಟು ನಿಧಾನವಾಗಿ ಬರೆದಿದ್ದೇನೆ.

ಆಸ್ಪತ್ರೆಯ ಮಾತಿಗೆ ಉತ್ತರ ಕೊಡುವುದಿಲ್ಲ. ಅವತ್ತು ಕೆಟ್ಟು ನಿಂತ ಬಸ್ಸಿನಲ್ಲಿ ನಾನು ಹೇಗೆ ಕೂತಿದ್ದೆ ಎಂದು ನಿನಗೆ ಗೊತ್ತಿಲ್ಲ.

ಅಕ್ಕ


ಮೇ 3

ಅಕ್ಕನಿಗೆ,

ಈ ಕಾಗದದ ಜೊತೆ ಪೆಟ್ಟಿಗೆ ಇದೆ, ಕ್ಯಾಸೆಟ್ಟೂ ಇದೆ. ಹೊಂದಿಸುವ ಮೊದಲು ಇದನ್ನು ಪೂರ್ತಿ ಓದು.

ನಿನ್ನ ಕಾಗದ ಓದಿ ಮೈಯೆಲ್ಲ ಉರಿದುಹೋಯಿತು. ಅದೇ ಉರಿಯಲ್ಲಿ ಪೆಟ್ಟಿಗೆಯನ್ನು ಕೆಳಗಿಳಿಸಿದೆ. ನಮ್ಮ ಟಿವಿಗೆ ಅದರ ತಂತಿ ಹೊಂದಲಿಲ್ಲ, ಈಜುಕೊಳದ ಕಾವಲುಗಾರನ ಕೋಣೆಯಿಂದ ಹಳೇ ಡಬ್ಬಾ ಟಿವಿ ಕೇಳಿ ತಂದೆ. ಈ ವಯಸ್ಸಿನಲ್ಲಿ, ಕೂದಲು ಉದುರಿದ ಮೇಲೆ, ಮೊದಲ ಸಲ ರಿಮೋಟ್ ಕೈಗೆ ತೆಗೆದುಕೊಂಡೆ. ಒತ್ತಲು ಹೆಂಡತಿ ಕೂತಳು.

ಮೊದಮೊದಲು ಕೆಳಗಿನ ಮಹಡಿಯನ್ನೇ ದಾಟಲಾಗಲಿಲ್ಲ. ಎಲ್ಲಿ ಹಾರಬೇಕೆಂದು ನನಗೆ ಬಾಯಿಪಾಠ, ಕೈ ಮಾತ್ರ ಕೇಳುವುದಿಲ್ಲ. ದಿನಾ ಕೆಲಸ ಮುಗಿಸಿ ಬಂದು ಕ್ಲೋರಿನ್ ವಾಸನೆಯ ಕೈಯಲ್ಲೇ ಕೂರುತ್ತಿದ್ದೆ. ಹೆಂಡತಿ ಒಂದು ಕೈಯಲ್ಲಿ ಒತ್ತಿ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಓದುತ್ತಿದ್ದಳು. "ನಿಮ್ಮ ಅಕ್ಕ ಚಿಕ್ಕ ಹುಡುಗಿಯಾಗಿದ್ದಾಗಲೇ ಇದನ್ನ ಹತ್ತಿದಾರಲ್ಲ, ನಿಮಗೇನಾಗಿದೆ?" ಎಂದು ಚುಚ್ಚುವುದು ಬೇರೆ. ಅಂತೂ ಮೊನ್ನೆ ಮೇಲಿನ ಕೋಣೆ ಸಿಕ್ಕಿತು. ಬಾಗಿಲು ತೆರೆಯಿತು, ಬೆಳಕು ಬಂತು, ಚಿತ್ರ ನಿಂತುಹೋಯಿತು.

ನಾನೇನು ಮಾಡಿದೆ ಗೊತ್ತೇ? ತಿರುಗಿ ನೋಡುವ ಮೊದಲೇ "ಬಿಟ್ಟೆಯಾ?" ಎಂದು ಅವಳ ಮೇಲೆ ಕಿರುಚಿದೆ. ಗಂಟಲು ನನ್ನದು, ದನಿ ನಿನ್ನದು.

ಅವಳು ಸಿಟ್ಟಾಗಲಿಲ್ಲ. "ಇಲ್ಲಿ ನೋಡಿ" ಎಂದಳು ಅಷ್ಟೇ. ಹೆಬ್ಬೆಟ್ಟು ಕ್ಯಾಸೆಟ್ಟಿನ ಮೇಲೇ ಇತ್ತು. ಉಗುರು ಬೆಳ್ಳಗೆ. ಸಂಗೀತ ಒಂದೇ ಸ್ವರ ಹಿಡಿದು ಕೂಗುತ್ತಿತ್ತು, ಪರದೆಯ ಮೇಲೆ ಒಂದೂ ಪಟ್ಟೆ ಇರಲಿಲ್ಲ. ನಾನು ನೋಡಿಯಾದ ಮೇಲೆ ಅವಳು ಬೇಕೆಂದೇ ಬೆರಳು ತೆಗೆದಳು. ಆಗ ಬಂತು ಪಟ್ಟೆ.

ಅವಳಲ್ಲಿ ಕ್ಷಮೆ ಕೇಳಿದೆ. ಅದು ಅಷ್ಟೇನೂ ಕಷ್ಟದ ಕೆಲಸವಲ್ಲ. ಯಾರಿಗಾದರೂ ಉಪಯೋಗಕ್ಕೆ ಬರಲಿ ಎಂದು ಬರೆದಿದ್ದೇನೆ.

ಮತ್ತೊಮ್ಮೆ ಆಡಿದೆ. ಈ ಸಲ ಬೆರಳಿನ ಬದಲು, ಬಡಗಿಗಳು ಹಲಗೆ ಬಿಗಿಯುತ್ತಾರಲ್ಲ, ಆ ಕಬ್ಬಿಣದ ಕ್ಲಾಂಪ್ ಹಾಕಿದೆ. ಅದೇ ಬಾಗಿಲು, ಅದೇ ಸ್ವರ. ಹೊದಿಕೆಯ ಮೇಲೆ ಕಾರು, ಒಳಗೆ ಗೋಪುರ. ನಮ್ಮದು ನಕಲಿ ಕ್ಯಾಸೆಟ್, ಅಕ್ಕ. ನಕಲು ಮಾಡಿದವನು ಕೊನೆಯ ಭಾಗವನ್ನು ಅದರಲ್ಲಿ ಹಾಕಿಯೇ ಇಲ್ಲ. ನಮ್ಮ ಗೋಪುರಕ್ಕೆ ಮಾಳಿಗೆಯೇ ಇರಲಿಲ್ಲ. ನೀನು ಬೇರೆ ಯಾವುದೋ ಕ್ಯಾಸೆಟ್ ಆಡಿ ನನ್ನ ಮೇಲೆ ತೀರ್ಪು ಕೊಟ್ಟೆ.

ಕ್ಲಾಂಪನ್ನೂ ಇಟ್ಟಿದ್ದೇನೆ. ಅದು ಆಕಳಿಸುವುದಿಲ್ಲ.

ತಮ್ಮ


ಮೇ 29

ತಮ್ಮಾ,

ಆಡಿದೆ. ನಿಂತಿತು. ಆ ಒಂದೇ ಸ್ವರದ ಕೂಗಿಗೆ ಕೆಳಗಿನ ಬೀಗದವನು ಮೇಲೆ ಬಂದು "ಏನಮ್ಮ, ಕುಕ್ಕರ್ ಕೆಟ್ಟೋಯ್ತಾ?" ಎಂದು ಕೇಳಿದ. ನಿನ್ನ ಕ್ಲಾಂಪನ್ನು ನಂಬದೆ ನಮ್ಮ ಕ್ಯಾಸೆಟ್ಟನ್ನು ನಾನು ತರಿಸಿದ ಗಟ್ಟಿ ಪೆಟ್ಟಿಗೆಗೆ ಹಾಕಿ ಆಡಿದೆ. ಅಲ್ಲಿ ಒತ್ತುವ ಗೊಡವೆಯೇ ಇಲ್ಲ. ಅಲ್ಲೂ ಅದೇ ಜಾಗದಲ್ಲಿ ನಿಂತಿತು.

ನನಗೆ ನಿನ್ನ ಮೇಲೆ ಇನ್ನೂ ಸಿಟ್ಟಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೇಳಿದಾಗಲೇ ಪೆಟ್ಟಿಗೆ ಕಳಿಸಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ. ಕ್ಲಾಂಪ್ ಕಳಿಸಿದ್ದಂತೂ ಬರೀ ಕೊಬ್ಬು.

ನಮ್ಮ ಹಳೆಯ ಪೆಟ್ಟಿಗೆಯ ಮೇಲೆ ಸ್ವಲ್ಪ ಹೊತ್ತು ನಾನೇ ಒತ್ತಿ ಕೂತೆ. ಮಣಿಕಟ್ಟು ಸೆಳೆಯತೊಡಗಿತು. ನೀನು ಇಡೀ ರಜೆ ಹೀಗೆ ಕೂತಿದ್ದೆ. ಒಂದು ಸಲವೂ "ನಂಗೂ ಕೊಡೇ" ಅನ್ನಲಿಲ್ಲ ಎಂದೇ ನನ್ನ ನೆನಪು. ಅಂದಿರುತ್ತೀಯ, ನನಗೆ ಕೇಳಿಸಿರಲಾರದು.

ಆ ಆಕಳಿಕೆ ಬರೆಯುವುದಕ್ಕೆ ನನಗೆ ತುಂಬಾ ದಿನ ಹಿಡಿದಿತ್ತು. ಬಾಯಿ ಎಷ್ಟು ತೆರೆಯುತ್ತದೆ, ಕಣ್ಣು ಯಾವಾಗ ಕಿರಿದಾಗುತ್ತದೆ, ಎಲ್ಲ ಕಣ್ಣಿಗೆ ಕಟ್ಟಿದ ಹಾಗಿತ್ತು. ಈಗ ನೋಡಿದರೆ ಅದನ್ನು ನಾನು ನೋಡಿಯೇ ಇಲ್ಲ. ನಾನು ಪರದೆ ನೋಡುತ್ತಿದ್ದೆ. ಪಟ್ಟೆಯೂ ನಾನೇ ಸೇರಿಸಿಕೊಂಡದ್ದು. ಆಸ್ಪತ್ರೆಯಲ್ಲಂತೂ ನಾನು ಇರಲೇ ಇಲ್ಲ. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ಹೆದರಿದ್ದೆ, ಬಂದಾಗ ಬಯ್ಯುವುದಕ್ಕೆ ಯಾರಾದರೂ ಬೇಕಿತ್ತು, ನೀನು ಎದುರಿಗೆ ಸಿಕ್ಕಿದೆ. ನಾನು ಅಂದದ್ದು ಸುಳ್ಳು.

ಚಿಕ್ಕಮ್ಮನಿಗೆ ಫೋನ್ ಮಾಡಿ "ಅವನು ಬಿಟ್ಟಿರಲಿಲ್ಲ" ಎಂದೆ. "ಯಾವುದನ್ನ?" ಎಂದಳು. "ಯಾವುದನ್ನೂ" ಎಂದೆ. "ಅದು ನಮಗೆಲ್ಲ ಗೊತ್ತಿತ್ತಲ್ಲೇ" ಎಂದಳು. ಹಾಗಾದರೆ ಇಷ್ಟು ವರ್ಷ ಯಾಕೆ ನಕ್ಕಿರಿ ಎಂದು ಹೇಗೆ ಕೇಳಲಿ? ನಗಿಸಿದವಳು ನಾನೇ.

ಆಕಳಿಕೆ ತೆಗೆದೆ. "ಅವನು ಬಿಟ್ಟ" ಎಂಬುದನ್ನೂ ಅಳಿಸಿದೆ. ಈಗ ಕೊನೆಯ ಮಹಡಿಯನ್ನು ಒಬ್ಬರೇ ಆಡಲಾಗುವುದಿಲ್ಲ. ಒಬ್ಬರು ಹತ್ತಬೇಕು, ಪಕ್ಕದಲ್ಲಿ ಕೂತ ಇನ್ನೊಬ್ಬರು ಕೀಬೋರ್ಡಿನ ಒಂದು ಕೀಲಿ ಒತ್ತಿ ಹಿಡಿದಿರಬೇಕು, ಮುಗಿಯುವ ತನಕ. ಒತ್ತುವವರಿಗೆ ಬೇರೇನೂ ಕೆಲಸವಿಲ್ಲ. ಬಿಟ್ಟರೆ ಪಟ್ಟೆ. ಜೊತೆಗೆ ಯಾರೂ ಇಲ್ಲದವರು ಯಾರನ್ನಾದರೂ ಹುಡುಕಿಕೊಳ್ಳಲಿ. ಇದರಿಂದಾಗಿ ಮೇ ಕೊನೆ ತಪ್ಪಿಹೋಯಿತು. ಕಾದು ಕೂತಿದ್ದವರು ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದಾರೆ, ಅದರಲ್ಲಿ ಅರ್ಧ ನಿನಗೆ ಸೇರಬೇಕು.

ಆದರೆ ಸರಿಯಾಗಿದೆಯೋ ಇಲ್ಲವೋ ಎಂದು ಆಡಿ ನೋಡಲು ಇಬ್ಬರು ಬೇಕು. ನಿನ್ನ ಕ್ಲಾಂಪ್ ಹಾಕಿದರೆ ಕೀಬೋರ್ಡ್ ಬಿರುಕು ಬಿಟ್ಟಿತು. ಬೀಗದವನನ್ನು ಕೂರಿಸಿದೆ, ಕೆಳಗೆ ಗಿರಾಕಿ ಕೂಗಿದರೆಂದು, ನಾನು ಆಟದ ಕೊನೆಯ ಬಾಗಿಲ ಹತ್ತಿರ ಬಂದಾಗಲೇ ಎದ್ದು ಹೋದ. ನಿಜವಾಗಿ ಬಿಡುವವರು ಹೇಗಿರುತ್ತಾರೆ ಎಂದು ಆಗ ನೋಡಿದೆ.

ಬಾ. ಮಾತಾಡಬೇಕಾಗಿಲ್ಲ. ಬಂದು ಒತ್ತು, ಮುಗಿದ ಮೇಲೆ ಎದ್ದು ಹೋಗು.

ಅಕ್ಕ


ಜೂನ್ 8

ಅಕ್ಕನಿಗೆ,

ನಿನ್ನ ಕಾಗದವನ್ನು ಹೆಂಡತಿಗೆ ಓದಿ ಹೇಳಿದೆ. "ಇದರಲ್ಲಿ ಕ್ಷಮಿಸು ಅನ್ನೋ ಮಾತು ಎಲ್ಲಿದೆ?" ಎಂದು ಕೇಳಿದಳು. ಕೊಬ್ಬು ಎಂದು ಬರೆದ ಸಾಲಿನ ಆಸುಪಾಸಿನಲ್ಲಿ ಎಲ್ಲೋ ಇರಬೇಕು ಎಂದೆ.

ಹಾಗೆಂದು ನಾನು ಮರೆತೆ ಅಂದುಕೊಳ್ಳಬೇಡ. ಕಾರಿಡಾರಿನಲ್ಲಿ ಅಂದದ್ದು ಒಂದು ಕಾಗದಕ್ಕೆ ಕರಗುವಂಥದ್ದಲ್ಲ. ಅವತ್ತು ಅಲ್ಲಿದ್ದ ಪ್ರತಿಯೊಬ್ಬರ ಮುಖವೂ ನನಗೆ ನೆನಪಿದೆ, ಚಿಕ್ಕಮ್ಮ ಒಬ್ಬಳಿಗೆ ಹೇಳಿದರೆ ಸಾಲದು. ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ನನಗೂ ನಿನ್ನ ಮೇಲೆ ಇದೆ, ಒಂದು ತೂಕ ಹೆಚ್ಚೇ ಇದೆ. ಅದನ್ನು ಕಟ್ಟಿಕೊಂಡೇ ಬರುತ್ತೇನೆ.

ಭಾನುವಾರ ಈಜುಕೊಳದ ನೀರು ಬದಲಿಸುತ್ತಾರೆ, ನನಗೆ ರಜೆ. ಆದರೆ ನಾನು ಬರುವುದು ಒತ್ತುವುದಕ್ಕಲ್ಲ. ನನ್ನ ಪಾಲಿನದನ್ನು ಒತ್ತಿ ಮುಗಿಸಿದ್ದೇನೆ. ಈ ಸಲ ಆಡುವವನು ನಾನು, ಒತ್ತುವವಳು ನೀನು. ನನ್ನ ಕೈ ನಿಧಾನ, ಬಾವಲಿ ಬಂದರೆ ಈಗಲೂ ಕಣ್ಣು ಮುಚ್ಚುತ್ತೇನೆ, ಬಿದ್ದು ಬಿದ್ದು ಹತ್ತುವವನು. ಮಧ್ಯಾಹ್ನವಾದೀತು, ಸಂಜೆಯೂ ಆದೀತು. ಏಳುವ ಹಾಗಿಲ್ಲ. ನಡುವೆ ಬಾಯಿ ಹಾಕುವ ಹಾಗಿಲ್ಲ. ನಾನು ಬರುವಷ್ಟರಲ್ಲಿ ಆ ಹುಡುಗನ ಕಿವಿ ಚಿಕ್ಕದು ಮಾಡಿರು.

ಕೊನೆಯ ಬಾಗಿಲಲ್ಲಿ ಆಟ ನಿಂತರೂ ನಾನು ಕಿರುಚುವುದಿಲ್ಲ. ಮೊದಲು ತಿರುಗಿ ನಿನ್ನ ಬೆರಳು ನೋಡುತ್ತೇನೆ.

ತಮ್ಮ